‘ಆಡುತ್ತಿದ್ದೆವು’ ಬೇಡ, ‘ಆಡಿದೆವು’ ಬೇಕು: ನೆನಪಿನ ನೋಟ್‌ಬುಕ್ಕಿನ ಮೊದಲ ತಿಂಗಳು

ದಿನ 1

ಶುರುವಾಗಿದ್ದು ಮಗಳಿಂದ. ‘ಅಮ್ಮಾ, ನೀನು ಚಿಕ್ಕವಳಿದ್ದಾಗ ಏನೇನು ಮಜಾ ಮಾಡ್ತಿದ್ದೆ?’ ಅಂದಳು. ‘ಚೆನ್ನಾಗಿತ್ತು ಕಣೇ’ ಅಂದೆ. ಮುಂದೆ ಏನೂ ಬರಲಿಲ್ಲ. ನಲವತ್ತೇಳು ವರ್ಷದ ಬಾಳಿನಲ್ಲಿ ಹತ್ತು ಹನ್ನೆರಡು ವರ್ಷ ಒಂದೇ ಪದಕ್ಕೆ ಮುಗಿದುಹೋಯಿತಲ್ಲ ಅಂತ ರಾತ್ರಿಯೆಲ್ಲ ಕಾಡಿತು. ಬೆಳಿಗ್ಗೆ ಚಿಕ್ಕಬಳ್ಳಾಪುರದ ಬಜಾರಿನಿಂದ 200 ಪುಟದ ಲಾಂಗ್ ನೋಟ್‌ಬುಕ್ ತಂದೆ. ದಿನಕ್ಕೊಂದು ಪ್ರಶ್ನೆ, 20 ನಿಮಿಷ, ಮೊಬೈಲಿನಲ್ಲಿ ಟೈಮರ್. ಪ್ರಶ್ನೆಗಳನ್ನು ಇಂಟರ್‌ನೆಟ್ಟಿನಿಂದ ಇಳಿಸಿಕೊಂಡೆ, ಒಟ್ಟು ಮೂವತ್ತು.

ದಿನ 3

ಪ್ರಶ್ನೆಗಳು ಯಾರದೋ ಮನೆಯವು. ‘ಬೇಸಿಗೆ ಶಿಬಿರದ ನೆನಪು’. ‘ನಿಮ್ಮ ಮೊದಲ ಮುದ್ದಿನ ಪ್ರಾಣಿ’. ಶಿಡ್ಲಘಟ್ಟದ ಕಡೆ ನಮ್ಮ ಮನೆಯಲ್ಲಿ ಸಾಕಿದ್ದು ರೇಷ್ಮೆ ಹುಳ. ಅಪ್ಪ ಒಂದು ಬೆಳೆಗೆ ನೂರು ಮೊಟ್ಟೆ ಮೇಯಿಸುತ್ತಿದ್ದರು. ನೂರು ಮೊಟ್ಟೆ ಅಂದರೆ ನೂರು ಚಿಟ್ಟೆ ಇಟ್ಟ ಮೊಟ್ಟೆ, ನಲವತ್ತು ಸಾವಿರಕ್ಕೂ ಮೇಲೆ ಹುಳ. ಯಾವುದಕ್ಕೆ ಅಂತ ಹೆಸರಿಡುವುದು?

ಆದರೂ ಬರೆದೆ. ಓದಿದರೆ ಶಾಲೆಯ ಪ್ರಬಂಧದ ಹಾಗಿದೆ. ‘ನಾವು ತೋಟಕ್ಕೆ ಹೋಗುತ್ತಿದ್ದೆವು. ಸೊಪ್ಪು ಕೀಳುತ್ತಿದ್ದೆವು. ಸಂಜೆ ಆಡುತ್ತಿದ್ದೆವು.’

ದಿನ 4, 5

ಬರೆಯಲಿಲ್ಲ.

ದಿನ 6

ಬರೆಯುವ ಬದಲು ಸ್ವಲ್ಪ ಓದಿದೆ. 1986ರಲ್ಲಿ ವಿಲಿಯಮ್ಸ್ ಮತ್ತು ಬ್ರಾಡ್‌ಬೆಂಟ್ ಎಂಬ ಮನಶ್ಶಾಸ್ತ್ರಜ್ಞರು ಒಂದೊಂದೇ ಪದ ಕೊಟ್ಟು, ಅದಕ್ಕೆ ಹೊಂದುವ ಒಂದು ನಿರ್ದಿಷ್ಟ ಘಟನೆ ಹೇಳಿ ಅಂತ ಕೇಳಿದರಂತೆ. ಆತ್ಮಹತ್ಯೆಗೆ ಯತ್ನಿಸಿದ್ದವರು ‘ಒಂದು ದಿನ ಹೀಗಾಯಿತು’ ಅನ್ನುವ ಬದಲು ‘ಹಾಗೆ ಮಾಡುತ್ತಿದ್ದೆ’ ಅನ್ನುವಂಥ ಉತ್ತರವನ್ನೇ ಹೆಚ್ಚು ಕೊಟ್ಟರು. ಮುಂದೆ ಖಿನ್ನತೆ ಇರುವವರಲ್ಲೂ ಇದೇ ಕಂಡಿತು. ನನಗೆ ಖಿನ್ನತೆ ಅಂತ ಹೇಳುತ್ತಿಲ್ಲ. ಆದರೆ ನೋಟ್‌ಬುಕ್ ತೆರೆದರೆ ಎರಡು ಪುಟದಲ್ಲಿ ಹದಿನಾಲ್ಕು ‘ಉತ್ತಿದ್ದೆವು’!

ಕನ್ನಡದಲ್ಲಿ ಇದನ್ನು ಹಿಡಿಯುವುದು ಸುಲಭ, ಕ್ರಿಯಾಪದದ ಬಾಲ ನೋಡಿದರೆ ಸಾಕು. ‘ಆಡುತ್ತಿದ್ದೆವು’ ಅಂದರೆ ನೂರು ಸಂಜೆಗಳನ್ನು ಕಲಸಿ ಕಟ್ಟಿದ ಒಂದು ಮುದ್ದೆ. ‘ಆಡಿದೆವು’ ಅಂದರೆ ಒಂದು ಸಂಜೆ, ಆ ಸಂಜೆಯೇ. ಹೊಸ ನಿಯಮ: ‘ಉತ್ತಿದ್ದೆವು’ ಬಂದರೆ ಹೊಡೆದುಹಾಕಿ ‘ಒಂದು ದಿನ’ ಅಂತ ಶುರು ಮಾಡಬೇಕು.

ಇಂಟರ್‌ನೆಟ್ ಪ್ರಶ್ನೆಗಳನ್ನು ಒಲೆಗೆ ಹಾಕಿದೆ. (ಗ್ಯಾಸ್ ಒಲೆ, ಆದ್ದರಿಂದ ಕಸದ ಬುಟ್ಟಿಗೆ.) ಇಂಗ್ಲೆಂಡಿನ ವಿಜ್ಞಾನಿ ಫ್ರಾನ್ಸಿಸ್ ಗಾಲ್ಟನ್ 1879ರಲ್ಲಿ ಪದಗಳ ಪಟ್ಟಿ ಮಾಡಿಕೊಂಡು, ಒಂದೊಂದೇ ನೋಡುತ್ತ ಮನಸ್ಸಿಗೆ ಬಂದದ್ದನ್ನು ಬರೆದಿಟ್ಟಿದ್ದ. ನಾನೂ ಚೀಟಿ ಮಾಡಿದೆ: ಚಂದ್ರಿಕೆ (ಹುಳ ಗೂಡು ಕಟ್ಟಲು ಬಿಡುವ ಬಿದಿರಿನ ತಟ್ಟೆ), ಲಾಟೀನು, ಹುಣಸೆ ಬೀಜ, ರೈಲು, ಅವರೆ ಸಿಪ್ಪೆ, ಸುಣ್ಣ, ಹೊಸ ಚಪ್ಪಲಿ. ನಲವತ್ತು ಚೀಟಿ, ಹಾರ್ಲಿಕ್ಸ್ ಬಾಟಲಿ ತುಂಬ.

ದಿನ 8

ಚೀಟಿ: ಅವರೆ ಸಿಪ್ಪೆ. ಇದನ್ನು ನಮ್ಮ ಕಡೆಯ ಯಾರು ಬೇಕಾದರೂ ಬರೆಯಬಹುದು: ಸೊಗಡು, ಹಿತಕಿದ ಬೇಳೆ, ಒದ್ದೆ ಬೆರಳು. ಬಿಟ್ಟೆ.

ದಿನ 9

ಚೀಟಿ: ರೈಲು. ಮೀಟರಿಗಿಂತ ಕಿರಿದಾದ, ಎರಡೂವರೆ ಅಡಿ ಹಳಿಯ ಪುಟ್ಟ ರೈಲು ಆಗ ಶಿಡ್ಲಘಟ್ಟದ ಮೇಲೆ ಹೋಗುತ್ತಿತ್ತು. ಕೆಂಪು ಫ್ರಾಕಿನ ಹುಡುಗಿ ಕಿಟಕಿಗೆ ಕೆನ್ನೆ ಒತ್ತಿ ಕೂತಿದ್ದಾಳೆ. ಒಂದೂವರೆ ಪುಟ ಸರಾಗವಾಗಿ ಬಂತು. ಮುಗಿಸಿದ ಮೇಲೆ ಅನುಮಾನ ಹುಟ್ಟಿತು. ಆ ಹುಡುಗಿಯನ್ನು ನಾನು ಹೊರಗಿನಿಂದ ನೋಡುತ್ತಿದ್ದೇನೆ, ನನ್ನ ಕಣ್ಣಿನೊಳಗಿನಿಂದ ಅಲ್ಲ. ಚಿಂತಾಮಣಿಯಲ್ಲಿರುವ ಅಕ್ಕನಿಗೆ ಫೋನ್ ಮಾಡಿದೆ.

‘ಕೆಂಪು ಫ್ರಾಕು ನಂದು ಕಣೇ. ನೀನು ಅಮ್ಮನ ಮಡಿಲಲ್ಲಿ ನಿದ್ದೆ ಮಾಡ್ತಿದ್ದೆ.’

ಹೊರಗಿನಿಂದ ಕಾಣುವ ನೆನಪೆಲ್ಲ ಸುಳ್ಳಲ್ಲ. 1983ರಲ್ಲಿ ನಿಗ್ರೋ ಮತ್ತು ನೈಸರ್ ಎಂಬ ಮನಶ್ಶಾಸ್ತ್ರಜ್ಞರು ಈ ಎರಡು ಬಗೆಯನ್ನು ಅಭ್ಯಾಸ ಮಾಡಿ ಬರೆದಿದ್ದಾರೆ. ನೆನಪು ಹಳೆಯದಾದಷ್ಟೂ ಹೊರಗಿನಿಂದ ನೋಡುವುದು ಹೆಚ್ಚು. ಆದರೆ ಮನಶ್ಶಾಸ್ತ್ರಜ್ಞೆ ಎಲಿಜಬೆತ್ ಲಾಫ್ಟಸ್ ಅವರ 1995ರ ಪ್ರಯೋಗ ಓದಿ ಸ್ವಲ್ಪ ಹೆದರಿದೆ. ‘ನೀನು ಚಿಕ್ಕವಳಿದ್ದಾಗ ಅಂಗಡಿಯಲ್ಲಿ ಕಳೆದುಹೋಗಿದ್ದೆ’ ಅಂತ ಇಲ್ಲದ ಕಥೆ ಹೇಳಿದರೆ, ನಾಲ್ಕರಲ್ಲಿ ಒಬ್ಬರು ಅದನ್ನು ಪೂರ್ತಿಯೋ ಅರೆಬರೆಯೋ ನೆನಪಿಸಿಕೊಂಡರು. ಖುಷಿಯ ನೆನಪನ್ನೇ ಬೇಕು ಬೇಕು ಅಂತ ಹುಡುಕುವವಳಿಗೆ ಮನಸ್ಸು ಹೊಸದೊಂದನ್ನು ಹೊಲಿದುಕೊಡದೆ ಇರುತ್ತದೆಯೇ?

ಅಂಚಿನಲ್ಲಿ ಗೆರೆ ಎಳೆದೆ. ಇನ್ನು ಮೇಲೆ ಪ್ರತಿ ನೆನಪಿಗೂ ಗುರುತು: ‘ಕಂಡದ್ದು’, ‘ಕೇಳಿದ್ದು’, ‘ಗೊತ್ತಿಲ್ಲ’. ರೈಲಿಗೆ ‘ಕೇಳಿದ್ದು’.

ದಿನ 13

ಚೀಟಿ ಲಾಟೀನು, ಬಂದದ್ದು ಸದ್ದು. ನಾವು ಮಲಗುವ ಕೋಣೆಯ ಗೋಡೆಯಾಚೆ ಹುಳದ ಮನೆ. ನಾಲ್ಕನೇ ಜ್ವರ ಎದ್ದ ಹುಳ ಸೊಪ್ಪು ತಿನ್ನುವ ಸದ್ದು ಹೆಂಚಿನ ಮೇಲೆ ಸಣ್ಣ ಮಳೆ ಬಿದ್ದ ಹಾಗೆ. (ಗೊತ್ತಿಲ್ಲದವರಿಗೆ: ಹುಳ ಪೊರೆ ಬಿಡುವ ಮುಂಚೆ ತಿನ್ನುವುದು ನಿಲ್ಲಿಸಿ, ತಲೆ ಎತ್ತಿ ಅಲ್ಲಾಡದೆ ಕೂರುತ್ತದೆ. ಅದಕ್ಕೆ ಜ್ವರ ಅನ್ನುತ್ತೇವೆ. ಗೂಡು ಕಟ್ಟುವುದರೊಳಗೆ ನಾಲ್ಕು ಸಲ.) ಒಂದು ರಾತ್ರಿ ಎಚ್ಚರವಾಯಿತು, ಆ ಮಳೆಗೇ. ಅಪ್ಪ ಲಾಟೀನು ಹಿಡಿದು ತಟ್ಟೆಯಿಂದ ತಟ್ಟೆಗೆ ಸೊಪ್ಪು ಹಾಕುತ್ತ ಹೋದರು. ಬೆಳಕು ಬಾಗಿಲ ಸಂದಿಯಲ್ಲಿ ಬಂದು ಹೋಗಿ ಬಂದು ಹೋಗಿ ಮಾಡಿತು. ನಾನು ಅದನ್ನು ಎಣಿಸಿದೆ. ‘ಕಂಡದ್ದು.’ ಇಡೀ ಪುಟದಲ್ಲಿ ಒಂದೂ ‘ಉತ್ತಿದ್ದೆವು’ ಇಲ್ಲ.

ದಿನ 17

ಕೆಲಸದ ಮೇಲೆ ಶಿಡ್ಲಘಟ್ಟಕ್ಕೆ ಹೋಗಿದ್ದೆ. ನೂಲು ಬಿಚ್ಚಾಣಿಕೆ ಮನೆಗಳ ಬೀದಿಯಲ್ಲಿ ಬೆಂದ ಗೂಡಿನ ವಾಸನೆ. ಹೊರಗಿನವರು ಮೂಗು ಮುಚ್ಚಿಕೊಳ್ಳುತ್ತಾರೆ, ನನಗೆ ಹಸಿವಾಯಿತು. ಯಾಕೆ ಅಂತ ಬಸ್‌ಸ್ಟ್ಯಾಂಡಿನಲ್ಲೇ ಟಿಕೆಟ್ ಹಿಂದೆ ಬರೆದೆ: ಗೂಡು ಮಾರಿದ ದಿನ ಅಪ್ಪ ತಂದ ಬೋಂಡ.

ದಿನ 22

ಚೀಟಿ: ಸುಣ್ಣ.

ಒಂದು ದಿನ ಅಕ್ಕ ಮತ್ತು ನಾನು ಜಗಲಿಯ ಮೇಲೆ ಸ್ಕೂಲಾಟ ಆಡಿದೆವು. ಆಗ ನಾನು ಮೂರನೇ ಕ್ಲಾಸು. ನಮ್ಮ ಹತ್ತಿರ ಬೊಗಸೆ ತುಂಬ ಚಾಕ್‌ಪೀಸ್ ಇತ್ತು. ಸಣ್ಣವು, ಬೆಳ್ಳಗೆ, ಗಟ್ಟಿ. ಕೆಂಪು ರೆಡ್‌ಆಕ್ಸೈಡ್ ನೆಲದ ಮೇಲೆ ಬರೆದರೆ ಗೆರೆ ಸರಿಯಾಗಿ ಮೂಡದೆ ಪುಡಿ ಉದುರಿತು. ಆದರೂ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೂ ಆಡಿದೆವು, ಯಾರೂ ಕರೆಯಲಿಲ್ಲ, ಯಾರೂ ಬೈಯಲಿಲ್ಲ. ಅಷ್ಟು ಉದ್ದದ ಆಟ ಬೇರೆ ನೆನಪಿಲ್ಲ. ನೋಟ್‌ಬುಕ್ಕಿನಲ್ಲೇ ಅತಿ ಸಂತೋಷದ ಪುಟ ಇದು ಅಂತ ನಕ್ಷತ್ರ ಹಾಕಿದೆ.

ಟೈಮರ್ ಹೊಡೆದ ಮೇಲೆ ಕೈ ನಿಂತಿತು. ಅಷ್ಟೊಂದು ಚಾಕ್‌ಪೀಸ್ ಎಲ್ಲಿಂದ ಬಂತು?

ಸುಣ್ಣಕಟ್ಟು. ಶಿಲೀಂಧ್ರ ತಗುಲಿ ಸತ್ತ ಹುಳ, ಚಳಿಗಾಲದ ಕಾಯಿಲೆ. ಸತ್ತದ್ದು ಕೊಳೆಯುವುದಿಲ್ಲ, ಗಟ್ಟಿಯಾಗಿ ಬಿಳಿಗಟ್ಟುತ್ತದೆ. (ಸೂಕ್ಷ್ಮಜೀವಿಯಿಂದ ಪ್ರಾಣಿಗೆ ಕಾಯಿಲೆ ಬರುತ್ತದೆ ಅಂತ ಮೊದಲು ತೋರಿಸಿದ್ದೇ ಈ ರೋಗದಲ್ಲಿ, ಇಟಲಿಯ ಅಗಸ್ಟಿನೋ ಬಾಸಿ, 1835.) ನಾವು ಬರೆದದ್ದು ಸತ್ತ ಹುಳದಲ್ಲಿ.

ದಿನ 23

ಅಕ್ಕ: ‘ಹೂಂ ಕಣೇ, ಆಡಿದ್ದು ನಿಜ. ಅವತ್ತು ಸ್ಕೂಲಿಗೆ ಯಾಕೆ ಕಳಿಸಲಿಲ್ಲ ಗೊತ್ತಾ? ಸತ್ತಿದ್ದು ಆರಿಸಿ ಬೇರೆ ಹಾಕೋಕೆ ಕೂರಿಸಿದ್ರು. ಆರಿಸಿದ್ದರಲ್ಲೇ ನಾವು ಕದ್ವಿ.’

ಆಮೇಲೆ ಊರಿಗೆ ಫೋನ್ ಮಾಡಿ ಅಮ್ಮನನ್ನು ಕೇಳಿದೆ. ಅಮ್ಮನಿಗೆ ಚಾಕ್‌ಪೀಸ್ ಅಂದರೆ ತಲೆಗೆ ಹತ್ತಲಿಲ್ಲ, ಸುಣ್ಣಕಟ್ಟು ಅಂದ ತಕ್ಷಣ ಹತ್ತಿತು.

‘ಆ ಬೆಳೆನಾ? ಮಾರ್ಕೆಟ್ಟಿಗೆ ಒಂದು ಮೂಟೆನೂ ಹೋಗಲಿಲ್ಲ. ಎಲ್ಲಾ ತಿಪ್ಪೆ ಆಚೆ ಹಾಕಿ ಸುಟ್ವಿ.’

‘ನಾವು ಜಗಲಿ ಮೇಲೆ ಆಡ್ತಿದ್ವಲ್ಲಮ್ಮ, ನೋಡಿದ್ಯಾ?’

‘ನೋಡ್ದೆ. ಬೈಯೋಣ ಅಂತ ಬಂದೆ. ಬೈಯೋಕೂ ತ್ರಾಣ ಇರ್ಲಿಲ್ಲ, ಆಡ್ಲಿ ಬಿಡು ಅಂತ ಒಳಗೋದೆ.’

ಯಾರೂ ಬೈಯಲಿಲ್ಲ ಅಂತ ನಿನ್ನೆ ಬರೆದ ಸಾಲಿನ ಪಕ್ಕ ಇದನ್ನು ಹಾಗೆಯೇ ಬರೆದಿಟ್ಟೆ.

ದಿನ 26

ಮೂರು ದಿನ ಪುಟ ತೆರೆದು ಮುಚ್ಚಿದ್ದಷ್ಟೇ ಬಂತು. ನಕ್ಷತ್ರ ಅಳಿಸಬೇಕೇ ಅನ್ನುವುದು ಪ್ರಶ್ನೆ. ಅಳಿಸಲಿಲ್ಲ. ಮೂರನೇ ಕ್ಲಾಸಿನವಳಿಗೆ ಆ ದಿನ ಖುಷಿಯಾಗಿದ್ದು ಸುಳ್ಳಲ್ಲ. ಅಮ್ಮನ ಲೆಕ್ಕ ಬೇರೆ, ಅದೂ ಅದೇ ಪುಟದಲ್ಲಿದೆ. ಆದರೆ ನೋಟ್‌ಬುಕ್ಕಿನ ರಟ್ಟಿನ ಮೇಲೆ ಬರೆದಿದ್ದ ‘ಸಂತೋಷದ ನೆನಪುಗಳು’ ಎಂಬುದರಲ್ಲಿ ‘ಸಂತೋಷದ’ ಹೊಡೆದುಹಾಕಿದೆ.

ದಿನ 31

ಲೆಕ್ಕ: ಬರೆದದ್ದು 20 ದಿನ, ತಪ್ಪಿಸಿದ್ದು 11. ಒಂದೇ ದಿನದ ಘಟನೆ ಅನ್ನಬಹುದಾದದ್ದು 12. ಅದರಲ್ಲಿ ‘ಕಂಡದ್ದು’ 7, ‘ಕೇಳಿದ್ದು’ 3, ‘ಗೊತ್ತಿಲ್ಲ’ 2. ದೊಡ್ಡ ಹಬ್ಬ, ಮದುವೆ, ಜಾತ್ರೆಯ ಚೀಟಿಗಳು ಹೆಚ್ಚಾಗಿ ಸೋತವು. ಕೈಗೆ ಸಿಗುವ ಸಣ್ಣ ವಸ್ತುಗಳ ಚೀಟಿ ಗೆದ್ದವು. ಬಾಟಲಿಯಲ್ಲಿ ಇನ್ನೂ ಇಪ್ಪತ್ತು ಉಳಿದಿವೆ.

ಮಗಳಿಗೆ ಸ್ಕೂಲಾಟದ ಪುಟ ಓದಿ ಹೇಳಿದೆ. ‘ಛೀ’ ಅಂದಳು, ಆಮೇಲೆ ‘ಟೀಚರ್ ಯಾರಾಗಿದ್ರಿ?’ ಅಂತ ಕೇಳಿದಳು. ನಾನೇ ಅಂದೆ. ಸ್ಪೀಕರಿನಲ್ಲಿದ್ದ ಅಕ್ಕ, ‘ಯಾವತ್ತೂ ಟೀಚರ್ ನಾನೇ, ಅವಳಿಗೆ ಏಳರ ಮಗ್ಗಿ ಬರ್ತಿರಲಿಲ್ಲ’ ಅಂದಳು. ಭಾನುವಾರ ಚಿಂತಾಮಣಿಗೆ ಹೋಗುತ್ತಿದ್ದೇನೆ, ನೋಟ್‌ಬುಕ್ ಸಮೇತ.