ಹುಡುಗ್ರನ್ನ ಇಟ್ಕೊಂಡ್ರಾ?

ನನ್ನ ಬೈಕು ಹದಿನೈದು ವರ್ಷದಿಂದ ಶಿರಸಿಯ ಒಂದೇ ಗ್ಯಾರೇಜಿಗೆ ಹೋಗುತ್ತಿದೆ. ಸೋಮವಾರ ಹೋದರೆ ಹಳೇ ಬೋರ್ಡ್ ಇಳಿಸಿ ಗೋಡೆಗೆ ಒರಗಿಸಿದ್ದರು. ಜಾಗ ಮತ್ತು ಸಾಮಾನು ಸಮೇತ ಬೇರೆಯವರು ಕೊಂಡಿದ್ದಾರಂತೆ. ಮೇಸ್ತ್ರಿ ಮಾತ್ರ ಅಲ್ಲೇ ಕೂತು ಯಾರದೋ ಸ್ಕೂಟರಿನ ಕಾರ್ಬ್ಯುರೇಟರ್ ಬಿಚ್ಚುತ್ತಿದ್ದರು.

ಮಳೆ ಬಿಡುವ ಹಾಗಿರಲಿಲ್ಲ. ಸುಮ್ನೆ ಕೂತಿದ್ದೆನಲ್ಲ, ಮೊಬೈಲಿನಲ್ಲಿ ಒಂದು ಹಳೇ ಫಾರ್ಮುಲಾ ಒನ್ ಕಾರ್ ರೇಸ್ ಹಾಕಿ ಅವರಿಗೂ ತೋರಿಸಿದೆ. 2008ರ ಮೊನಾಕೊ, ಅಲ್ಲೂ ಮಳೆ. ಕೊನೆಯ ಸಾಲುಗಳಿಂದ ಹೊರಟ ಫೋರ್ಸ್ ಇಂಡಿಯಾ ತಂಡದ ಆಡ್ರಿಯನ್ ಸುಟಿಲ್ ನಾಲ್ಕನೇ ಸ್ಥಾನಕ್ಕೆ ಬಂದಿದ್ದಾನೆ. ಇನ್ನು ಕೆಲವೇ ಸುತ್ತು. ಸುರಂಗ ದಾಟಿ ಬರುವಾಗ ಫೆರಾರಿಯ ಕಿಮಿ ರೈಕೊನೆನ್ ಹಿಡಿತ ತಪ್ಪಿ ಹಿಂದಿನಿಂದ ಬಂದು ಗುದ್ದಿದ. ಸುಟಿಲ್ ರೇಸ್ ಅಲ್ಲಿಗೇ ಮುಗಿಯಿತು. ಗ್ಯಾರೇಜಿಗೆ ಬಂದು ಅತ್ತ. ನಾಲ್ಕನೇ ಸ್ಥಾನದ ಐದು ಅಂಕ ಕೈಗೆ ಸಿಕ್ಕೇಬಿಟ್ಟಿತ್ತು. ಆ ವರ್ಷವಿಡೀ ತಂಡಕ್ಕೆ ಒಂದು ಅಂಕವೂ ಬರಲಿಲ್ಲ.

ಮೇಸ್ತ್ರಿಗೆ ಸುಟಿಲ್ ಮುಖ್ಯ ಅನಿಸಲಿಲ್ಲ. ಹಿಂದೆ ನಿಂತಿದ್ದ ಮೆಕ್ಯಾನಿಕ್‌ಗಳನ್ನು ನೋಡಿ, "ಇವ್ರು ಹೊಸಬ್ರಾ ಮಾಸ್ತರ್ರೇ?" ಅಂದರು.

ಅಲ್ಲ ಅಂದೆ. ಅದು 1991ರಲ್ಲಿ ಎಡ್ಡಿ ಜೋರ್ಡಾನ್ ಫಾರ್ಮುಲಾ ಒನ್‌ಗೆ ತಂದ ತಂಡ. ಇಂಗ್ಲೆಂಡಿನ ಸಿಲ್ವರ್‌ಸ್ಟೋನ್ ಟ್ರ್ಯಾಕಿನ ಎದುರಿಗೇ ಅವರ ಕಾರ್ಖಾನೆ. 2005ರಲ್ಲಿ ಓಡಿದ್ದು ಜೋರ್ಡಾನ್ ಅಂತ, 2006ರಲ್ಲಿ ಮಿಡ್‌ಲ್ಯಾಂಡ್, 2007ರಲ್ಲಿ ಸ್ಪೈಕರ್. ಆಮೇಲೆ ವಿಜಯ್ ಮಲ್ಯ ಮತ್ತು ಡಚ್ ಪಾಲುದಾರ ಮಿಖೀಲ್ ಮೋಲ್ ಕೊಂಡು ಫೋರ್ಸ್ ಇಂಡಿಯಾ ಮಾಡಿದರು. ನಾಲ್ಕು ವರ್ಷಕ್ಕೆ ನಾಲ್ಕು ಹೆಸರು, ಕಾರ್ಖಾನೆ ಅದೇ.

"ಹುಡುಗ್ರನ್ನ ಇಟ್ಕೊಂಡ್ರಾ?"

ಸುಮಾರು ಜನ ಉಳಿದರು ಅಂದೆ. ಅವರು ತಲೆ ಆಡಿಸಿ ಮತ್ತೆ ಸ್ಕೂಟರ್ ಕಡೆ ತಿರುಗಿದರು. ಆ ಪ್ರಶ್ನೆ ಈ ವಾರವಿಡೀ ನನ್ನ ಬೆನ್ನು ಬಿಟ್ಟಿಲ್ಲ.

ನಾನು ಆ ತಂಡವನ್ನು ಹುಚ್ಚು ಹಿಡಿದವನ ಹಾಗೆ ನೋಡಿದವನು. ಕಾರಿನ ಮೇಲೆ ನಮ್ಮ ದೇಶದ ಹೆಸರಿತ್ತು, ಅಷ್ಟು ಸಾಕಾಗಿತ್ತು. 2009ಕ್ಕೆ ಫೆರಾರಿ ಎಂಜಿನ್ ಬಿಟ್ಟು ಮರ್ಸಿಡಿಸ್ ಎಂಜಿನ್ ಹಾಕಿದರು. ನೇರ ರಸ್ತೆಯಲ್ಲಿ ಕಾರು ಬಾಣದ ಹಾಗೆ ಹೋಗುತ್ತಿತ್ತು. ಆಗಸ್ಟಿನಲ್ಲಿ ಬೆಲ್ಜಿಯಂನ ಸ್ಪಾದಲ್ಲಿ ನಮ್ಮ ಜಿಯಾನ್‌ಕಾರ್ಲೊ ಫಿಸಿಕೆಲ್ಲಾ ಪೋಲ್ ಹಿಡಿದ, ಅಂದರೆ ಎಲ್ಲರಿಗಿಂತ ಮುಂದೆ ನಿಂತು ಹೊರಡುವ ಜಾಗ! ಫೋರ್ಸ್ ಇಂಡಿಯಾ ಅನ್ನೋ ಹೆಸರಿನಲ್ಲಿ ಅಲ್ಲಿಯವರೆಗೆ ಒಂದೂ ಅಂಕವಿಲ್ಲದ ತಂಡ ಅದು. ರೇಸಿನಲ್ಲಿ ಮುಂದೆ ಹೋದವನು ಯಾರು ಗೊತ್ತಾ? ಅದೇ ರೈಕೊನೆನ್. ಫೆರಾರಿಯಲ್ಲಿ ಬ್ರೇಕಿನ ಶಕ್ತಿಯನ್ನು ಕೂಡಿಟ್ಟು ಬೇಕಾದಾಗ ಬಳಸುವ ಕೆರ್ಸ್ ಇತ್ತು, ನಮ್ಮದರಲ್ಲಿ ಇರಲಿಲ್ಲ. ಫಿಸಿಕೆಲ್ಲಾ ಕೊನೆಯವರೆಗೂ ಬೆನ್ನು ಬಿಡಲಿಲ್ಲ, ಒಂದು ಸೆಕೆಂಡಿಗೂ ಕಡಿಮೆ ಅಂತರದಲ್ಲಿ ಎರಡನೆಯವನಾದ. ಮೊದಲ ಅಂಕಗಳೇ ಎಂಟು.

ಆವತ್ತು ನಾನು ಮಲ್ಯ ಗೆದ್ದರು ಅಂತ ಕುಣಿದಿದ್ದೆ. ಫಿಸಿಕೆಲ್ಲಾ 2003ರಲ್ಲಿ ಬ್ರೆಜಿಲ್‌ನಲ್ಲಿ ಜೋರ್ಡಾನ್‌ಗೆ ಅದರ ಕೊನೆಯ ಗೆಲುವು ತಂದುಕೊಟ್ಟವನು. ಆರು ವರ್ಷ ಬಿಟ್ಟು ಸ್ಪಾದಲ್ಲಿ ಕಾರು ನಿಲ್ಲಿಸಿದಾಗ ಅವನ ಕೈ ಕುಲುಕಿದವರಲ್ಲಿ ಹಳೇ ಮುಖಗಳೂ ಇದ್ದಿರಬೇಕು, ಅಲ್ವಾ? ಹಳದಿ ಅಂಗಿ ಹೋಗಿ ಕಿತ್ತಳೆ ಬಂತು, ಕಿತ್ತಳೆ ಹೋಗಿ ಬಿಳಿ ಬಂತು. ಮೇಸ್ತ್ರಿ ಕೇಳುವವರೆಗೆ ನಾನು ಅವರ ಮುಖ ನೋಡಿರಲೇ ಇಲ್ಲ. ಅದು ನನಗೆ ಬೇಜಾರಾಗಿದೆ.

2018ರಲ್ಲಿ ಸಾಲ ತೀರಿಸಲಾಗದೆ ತಂಡ ಆಡಳಿತಾಧಿಕಾರಿಗಳ ಕೈಗೆ ಹೋಯಿತು. ಕೆನಡಾದ ಉದ್ಯಮಿ ಲಾರೆನ್ಸ್ ಸ್ಟ್ರೋಲ್ ಮತ್ತು ಅವನ ಜೊತೆಗಾರರು ಕೊಂಡರು, 400ಕ್ಕೂ ಹೆಚ್ಚು ಜನರ ಕೆಲಸ ಉಳಿಯಿತು. ಈಗ ಅದು ಆಸ್ಟನ್ ಮಾರ್ಟಿನ್. ಕೊಂಡವರು ಮಾಡಿದ ದೊಡ್ಡ ಕೆಲಸ ಅದೇ ಅಂತ ನನಗೀಗ ಅನಿಸುತ್ತದೆ, ಬಣ್ಣ ಹಚ್ಚಿದ್ದಲ್ಲ.

ಇದನ್ನು ಹೇಳೋಣ ಅಂತ ಶನಿವಾರ ಮತ್ತೆ ಗ್ಯಾರೇಜಿಗೆ ಹೋದೆ. ಹೊಸ ಬೋರ್ಡ್ ಏರಿತ್ತು. ಮೇಸ್ತ್ರಿ ಇದ್ದರು. ಅವರ ಇಬ್ಬರು ಹುಡುಗರಲ್ಲಿ ದೊಡ್ಡವನು ಟ್ಯೂಬಿಗೆ ಗಾಳಿ ಹಿಡಿಯುತ್ತಿದ್ದ. ಚಿಕ್ಕವನು ಕಾಣಲಿಲ್ಲ. ಸೋಮವಾರವೂ ಇರಲಿಲ್ಲ ಅಂತ ಆಗ ನೆನಪಾಯಿತು. ಅವನ ಸ್ಪಾನರ್ ಸೆಟ್ಟು ಮೂಲೆಯಲ್ಲಿ, ಒರೆಸಿ ಸಾಲಾಗಿ ಜೋಡಿಸಿಟ್ಟ ಹಾಗೇ ಇತ್ತು.

"ಎಣ್ಣೆ ಬದಲ್ಸೂದಾ ಮಾಸ್ತರ್ರೇ?" ಅಂದರು ಮೇಸ್ತ್ರಿ.

ಹೌದು ಅಂದೆ.