ಒಂದು ದಿನಕ್ಕೆ ಒಂದೇ ದೇಶ: ಪುಟ್ಟ ಮಕ್ಕಳ ತರಗತಿಯಲ್ಲಿ ಘಾನಾ

ಒಂದನೇ, ಎರಡನೇ ತರಗತಿಯಲ್ಲಿ ಬೇರೆ ದೇಶಗಳ ಪರಿಚಯದ ದಿನ ಅಂದರೆ ಗೋಡೆ ತುಂಬ ಬಾವುಟ, ಮೈಮೇಲೊಂದು ವೇಷ, ರಾಜಧಾನಿಗಳ ಬಾಯಿಪಾಠ. ಅಷ್ಟೆಲ್ಲ ಓಡಾಡಿದ ಮೇಲೂ ಮಕ್ಕಳ ತಲೆಯಲ್ಲಿ ಉಳಿಯುವುದು ‘ಅಲ್ಲಿಯವರು ವಿಚಿತ್ರ ಬಟ್ಟೆ ಹಾಕ್ತಾರೆ’ ಅನ್ನುವುದಷ್ಟೇ. ಇದಕ್ಕಿಂತ ಒಂದೇ ದೇಶ ಹಿಡಿದು, ಕೈಯಲ್ಲಿ ಮಾಡಿ ನೋಡಬಹುದಾದ ಮೂರು ಸಂಗತಿ ಆರಿಸಿಕೊಂಡರೆ ದಿನ ಸಾರ್ಥಕ. ಪಶ್ಚಿಮ ಆಫ್ರಿಕಾದ ಘಾನಾ ಇದಕ್ಕೆ ಹೇಳಿ ಮಾಡಿಸಿದಂತಿದೆ: ಹೆಸರು, ಬಟ್ಟೆ, ಆಟ, ಮೂರೂ ಆರು ವರ್ಷದ ಕೈಗೆ ಎಟಕುತ್ತವೆ.

ಶುರು ಗ್ಲೋಬಿನಿಂದ, ಗೋಡೆಯ ನಕ್ಷೆಯಿಂದಲ್ಲ. ಅನೇಕ ತರಗತಿಗಳಲ್ಲಿ ತೂಗುವುದು ಮರ್ಕೇಟರ್ ಮಾದರಿಯ ನಕ್ಷೆ. 1569ರಲ್ಲಿ ಹಡಗು ನಡೆಸುವವರ ಅನುಕೂಲಕ್ಕೆಂದು ಮಾಡಿದ್ದು. ದಿಕ್ಕು ಸರಿಯಾಗಿ ತೋರಿಸುತ್ತದೆ, ಗಾತ್ರ ಕೆಡಿಸುತ್ತದೆ. ಅದರಲ್ಲಿ ಗ್ರೀನ್‌ಲ್ಯಾಂಡ್ ಆಫ್ರಿಕಾದಷ್ಟೇ ದೊಡ್ಡದಾಗಿ ಕಾಣುತ್ತದೆ, ಆದರೆ ಆಫ್ರಿಕಾ ಅದರ ಸುಮಾರು 14 ಪಟ್ಟು. ಗ್ಲೋಬಿನ ಮೇಲೆ ಟ್ರೇಸಿಂಗ್ ಪೇಪರ್ ಒತ್ತಿ ಗ್ರೀನ್‌ಲ್ಯಾಂಡಿನ ಅಂಚು ಬರೆದು, ಕತ್ತರಿಸಿ, ಆ ತುಂಡನ್ನು ಆಫ್ರಿಕಾದ ಮೇಲೆ ಸರಿಸುತ್ತ ಹೋಗಲು ಬಿಡಿ. ಮಕ್ಕಳೇ ಎಣಿಸುತ್ತಾರೆ. ಲೆಕ್ಕ ಹತ್ತಕ್ಕೆ ನಿಂತರೂ ಹದಿನಾರಕ್ಕೆ ಹೋದರೂ ತಿದ್ದಬೇಕಾಗಿಲ್ಲ.

ಈ ವಯಸ್ಸಿನಲ್ಲಿ ನಿಜವಾದ ತೊಡಕು ಬೇರೆಯದು. ‘ಆಫ್ರಿಕಾ ದೇಶ’ ಅನ್ನುವ ಮಗು ಬರೀ ತಪ್ಪು ಪದ ಬಳಸುತ್ತಿಲ್ಲ. ಒಂದು ಜಾಗ ಇನ್ನೊಂದರ ಒಳಗೆ ಇರಬಹುದು ಅನ್ನುವುದೇ ಅದಕ್ಕಿನ್ನೂ ಕೂಡಿಬಂದಿಲ್ಲ. ಜಿನೀವಾದ ಮಕ್ಕಳನ್ನು ಮಾತನಾಡಿಸಿ ಮನೋವಿಜ್ಞಾನಿ ಪಿಯಾಜೆ 1951ರಲ್ಲಿ ಇದನ್ನೇ ದಾಖಲಿಸಿದರು: ಒಬ್ಬ ಮನುಷ್ಯ ಒಂದೇ ಹೊತ್ತಿಗೆ ಜಿನೀವಾದವನೂ ಸ್ವಿಟ್ಜರ್ಲೆಂಡಿನವನೂ ಹೇಗಾದಾನು ಎಂಬುದು ಏಳೆಂಟು ವರ್ಷದವರೆಗೆ ಒಗಟು. ಬಾಯಲ್ಲಿ ಹೇಳಿ ಇದನ್ನು ಬಿಡಿಸಲಾಗುವುದಿಲ್ಲ. ಒಂದರೊಳಗೊಂದು ಕೂರುವ ನಾಲ್ಕು ಡಬ್ಬಿ ತನ್ನಿ. ಚಿಕ್ಕದಕ್ಕೆ ಘಾನಾದ ರಾಜಧಾನಿ ಅಕ್ರಾ, ಆಮೇಲೆ ಘಾನಾ, ಆಫ್ರಿಕಾ, ಭೂಮಿ ಎಂದು ಚೀಟಿ ಅಂಟಿಸಿ. ಪಕ್ಕದಲ್ಲೇ ಮಕ್ಕಳ ಊರಿನದೂ ಒಂದು ಜೊತೆ ಇರಲಿ. ಘಾನಾದ ಡಬ್ಬಿಯ ಜೊತೆಗೆ ಬೇರೆ ಎರಡು ಮೂರು ಆಫ್ರಿಕನ್ ದೇಶಗಳ ಡಬ್ಬಿಯನ್ನೂ ಅದೇ ಆಫ್ರಿಕಾದೊಳಗೆ ಹಾಕಿ. 54 ದೇಶಗಳಿವೆ ಎಂಬ ಮಾತಿಗಿಂತ ಡಬ್ಬಿಯೊಳಗಿನ ನೂಕುನುಗ್ಗಲು ಬೇಗ ಅರ್ಥವಾಗುತ್ತದೆ.

ಫೋಟೊ ಎಂಟು ಸಾಕು, ಆಯ್ಕೆಯಲ್ಲಿ ಮಾತ್ರ ಎಚ್ಚರ ಬೇಕು. ಹಳ್ಳಿಯಷ್ಟೇ ನಗರವೂ ಇರಬೇಕು: ಅಕ್ರಾದ ಟ್ರಾಫಿಕ್, ಎತ್ತರದ ಕಟ್ಟಡ, ಸಮವಸ್ತ್ರ ತೊಟ್ಟ ಶಾಲಾಮಕ್ಕಳು, ಮೀನುಗಾರರ ದೋಣಿ. ಗ್ಯಾಪ್‌ಮೈಂಡರ್ ಸಂಸ್ಥೆಯ ಡಾಲರ್ ಸ್ಟ್ರೀಟ್ ಸಂಗ್ರಹದಲ್ಲಿ ಬೇರೆ ಬೇರೆ ದೇಶ, ಬೇರೆ ಬೇರೆ ಆದಾಯದ ಮನೆಗಳ ಹಲ್ಲುಜ್ಜುವ ಬ್ರಷ್, ಹಾಸಿಗೆ, ಒಲೆಗಳ ಫೋಟೊಗಳಿವೆ. ಹುಲ್ಲಿನ ಗುಡಿಸಲೊಂದನ್ನೇ ತೋರಿಸಿದರೆ ಮಕ್ಕಳು ಇಡೀ ದೇಶವೇ ಹಾಗೆ ಅಂದುಕೊಳ್ಳುತ್ತಾರೆ, ಆಮೇಲೆ ಏನು ಹೇಳಿದರೂ ಅದು ಅಳಿಸುವುದಿಲ್ಲ.

ಹೆಸರಿನ ಆಟಕ್ಕೆ ಹಿಂದಿನ ದಿನವೇ ತಯಾರಿ ಬೇಕು. ಘಾನಾದ ಅಕಾನ್ ಜನರಲ್ಲಿ ಹುಟ್ಟಿದ ವಾರವೇ ಮಗುವಿಗೆ ಒಂದು ಹೆಸರು ಕೊಡುತ್ತದೆ. ಭಾನುವಾರದ ಹುಡುಗ ಕ್ವಾಸಿ, ಹುಡುಗಿ ಅಕೊಸುವಾ. ಸೋಮವಾರ ಕೊಜೊ, ಅಜೊವಾ. ಮಂಗಳವಾರ ಕ್ವಾಬೆನಾ, ಅಬೆನಾ. ಬುಧವಾರ ಕ್ವಾಕು, ಅಕುವಾ. ಗುರುವಾರ ಯಾವ್, ಯಾ. ಶುಕ್ರವಾರ ಕೋಫಿ, ಅಫುವಾ. ಶನಿವಾರ ಕ್ವಾಮೆ, ಅಮಾ. ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿಯಾಗಿದ್ದ ಕೋಫಿ ಅನ್ನಾನ್ ಹುಟ್ಟಿದ್ದು 1938ರ ಏಪ್ರಿಲ್ 8, ಶುಕ್ರವಾರ. ಹಾಜರಿ ಪುಸ್ತಕದ ಜನ್ಮದಿನಾಂಕ ನೋಡಿ ಮೊಬೈಲ್ ಕ್ಯಾಲೆಂಡರಿನಲ್ಲಿ ಪ್ರತಿ ಮಗುವಿನ ವಾರ ಹುಡುಕಿ ಬರೆದಿಡಿ. ತರಗತಿಯಲ್ಲಿ ಹುಡುಕುತ್ತ ಕೂತರೆ ಗದ್ದಲವೇ ಗತಿ. ದಾಖಲೆಯ ದಿನಾಂಕ ನಿಜವಲ್ಲದ, ಅಥವಾ ಹುಟ್ಟಿದ ದಿನವೇ ಗೊತ್ತಿಲ್ಲದ ಮಕ್ಕಳು ಇರುತ್ತಾರೆ. ಅವರಿಗೆ ಇಷ್ಟದ ವಾರ ಆರಿಸಲು ಬಿಡಿ. ಕಾರಣ ಎಲ್ಲರೆದುರು ಕೇಳಬೇಡಿ. ಒಂದೇ ತರಗತಿಯಲ್ಲಿ ನಾಲ್ವರು ಕೋಫಿಗಳು ಎದ್ದು ನಿಂತಾಗ ನಗು ಬರುತ್ತದೆ, ಬರಲಿ. ‘ಹಾಗಾದ್ರೆ ಕರೆಯೋದು ಹೇಗೆ?’ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಈ ಹೆಸರಿನ ಜೊತೆ ಬೇರೆ ಹೆಸರುಗಳೂ ಇರುತ್ತವೆ, ಇದು ಘಾನಾದ ಎಲ್ಲರ ಪದ್ಧತಿಯಲ್ಲ ಎಂದು ಹೇಳಲು ಅದೇ ಸರಿಯಾದ ಹೊತ್ತು.

ಮಧ್ಯಾಹ್ನದ ದೊಡ್ಡ ಪಾಲು ಕೆಂಟೆ ಬಟ್ಟೆಗೆ. ಕೆಂಟೆಯನ್ನು ಅಗಲವಾಗಿ ನೇಯುವುದಿಲ್ಲ; ಸುಮಾರು 10 ಸೆಂ.ಮೀ. ಅಗಲದ ಉದ್ದುದ್ದ ಪಟ್ಟಿಗಳನ್ನು ನೇಯ್ದು, ಪಕ್ಕಪಕ್ಕ ಇಟ್ಟು ಹೊಲಿಯುತ್ತಾರೆ. ಹಾಗಾಗಿ ತರಗತಿಗೂ ಅದೇ ದಾರಿ: ಮಗುವಿಗೊಂದು ಪಟ್ಟಿ, ಕೊನೆಗೆ ಎಲ್ಲ ಸೇರಿ ಒಂದು ಬಟ್ಟೆ. 10 ಸೆಂ.ಮೀ. ಅಗಲ, 30 ಸೆಂ.ಮೀ. ಉದ್ದದ ದಪ್ಪ ಕಾಗದದ ಒಂದು ತುದಿಯಿಂದ 2 ಸೆಂ.ಮೀ. ಬಿಟ್ಟು ಅಡ್ಡಗೆರೆ ಎಳೆಯಿರಿ. ಇನ್ನೊಂದು ತುದಿಯಿಂದ ಆ ಗೆರೆಯವರೆಗೆ ನಾಲ್ಕು ಸೀಳು ಹಾಕಿದರೆ ತಲಾ 2 ಸೆಂ.ಮೀ.ನ ಐದು ಹಾಸು ಎಳೆ, ಅಂದರೆ ಉದ್ದಕ್ಕೆ ಹೋಗುವ ಎಳೆ, ಸಿಗುತ್ತವೆ. ಗೆರೆ ದಪ್ಪ ಕೆಂಪಿನಲ್ಲಿ ಇಲ್ಲದಿದ್ದರೆ ಅರ್ಧ ಮಕ್ಕಳು ಪೂರ್ತಿ ಕತ್ತರಿಸಿಬಿಡುತ್ತಾರೆ. ಐದು ವರ್ಷದವರಿಗೆ ನೀವೇ ಕತ್ತರಿಸಿ ಕೊಡುವುದು ಲೇಸು. ಸೀಳಿದ ತುದಿಯನ್ನು ಟೇಪಿನಿಂದ ಮೇಜಿಗೆ ಅಂಟಿಸಿ. ಹೊಕ್ಕಿಗೆ, ಅಂದರೆ ಅಡ್ಡಕ್ಕೆ ತೂರಿಸುವ ಎಳೆಗೆ, 2 ಸೆಂ.ಮೀ. ಅಗಲ, 12 ಸೆಂ.ಮೀ. ಉದ್ದದ ಹಳದಿ ಮತ್ತು ಹಸಿರು ತುಂಡುಗಳು, ಮಗುವಿಗೆ ಹದಿಮೂರು.

ಕೆಡುವುದು ಹೆಚ್ಚಾಗಿ ಎರಡನೇ ಸಾಲಿನಲ್ಲಿ. ಮೊದಲ ಸಾಲಿನಂತೆಯೇ ಅದನ್ನೂ ‘ಮೇಲೆ, ಕೆಳಗೆ’ ಎಂದೇ ಶುರುಮಾಡಿದರೆ ಎರಡೂ ತುಂಡು ಒಂದೇ ಆಗಿ ಜಾರುತ್ತವೆ, ನೇಯ್ಗೆ ನಿಲ್ಲುವುದಿಲ್ಲ. ಬಣ್ಣಕ್ಕೇ ನಿಯಮ ಕಟ್ಟಿ: ಹಳದಿ ಯಾವಾಗಲೂ ಮೇಲಿನಿಂದ, ಹಸಿರು ಯಾವಾಗಲೂ ಕೆಳಗಿನಿಂದ. ಆಗ ತಪ್ಪಿದ ಮಗು ನಿಮ್ಮನ್ನು ಕರೆಯದೆ ತಾನೇ ಬಿಚ್ಚಿ ಸರಿಮಾಡಿಕೊಳ್ಳುತ್ತದೆ. ಪ್ರತಿ ಸಾಲನ್ನೂ ಬೆರಳಿನಿಂದ ಮೇಲಕ್ಕೆ ತಳ್ಳಬೇಕು, ನಾಲ್ಕು ಸಾಲಿಗೊಮ್ಮೆ ಅಂಚಿಗೆ ಗ್ಲೂ ಸ್ಟಿಕ್ ಹಚ್ಚಬೇಕು. ನೀರಾದ ಅಂಟು ಬೇಡ, ಕಾಗದ ಸುರುಳಿಯಾಗುತ್ತದೆ. 25 ಪಟ್ಟಿಗಳನ್ನು ಹಿಂಬದಿಯಿಂದ ಟೇಪ್ ಹಾಕಿ ಜೋಡಿಸಿದರೆ ಎರಡೂವರೆ ಮೀಟರ್ ಬಟ್ಟೆ. ಅದನ್ನು ಯಾರೂ ಮೈಗೆ ಸುತ್ತಿ ಕುಣಿಯುವುದು ಬೇಡ. ಕೆಂಟೆ ಸಮಾರಂಭದ ಉಡುಪು, ಆಫೀಸಿಗೆ ಹೋಗುವವರು ದಿನವೂ ಉಡುವಂಥದ್ದಲ್ಲ.

ಕೊನೆಗೆ ಒವಾರೆ ಆಟ. 30ರ ಮೊಟ್ಟೆ ಟ್ರೇಯಲ್ಲಿ ಆರು ಗುಳಿಯ ಐದು ಸಾಲಿರುತ್ತವೆ. ಎರಡೆರಡು ಸಾಲು ಕತ್ತರಿಸಿದರೆ ಎರಡು ಮಣೆ, ಉಳಿದ ಸಾಲು ಗೆದ್ದ ಮಣಿ ಇಡಲು. ಬಳಸಿದ ಟ್ರೇ ಬೇಡ, ಹಸಿ ಮೊಟ್ಟೆಯ ಬ್ಯಾಕ್ಟೀರಿಯಾ ಇರಬಹುದು. ಗುಳಿಗೆ ನಾಲ್ಕರಂತೆ 48 ಮಣಿ. ಮೂಗಿನ ಹೊಳ್ಳೆಗೆ ಹೋಗದಷ್ಟು ದಪ್ಪನೆಯವು ಇರಲಿ. ತನ್ನ ಕಡೆಯ ಒಂದು ಗುಳಿಯ ಮಣಿಗಳನ್ನೆಲ್ಲ ಎತ್ತಿ, ಬಲಕ್ಕೆ ಸಾಗುತ್ತ ಗುಳಿಗೊಂದರಂತೆ ಹಾಕಬೇಕು. ಕೊನೆಯ ಮಣಿ ಎದುರಾಳಿಯ ಗುಳಿಗೆ ಬಿದ್ದು ಅಲ್ಲಿ ಎರಡೋ ಮೂರೋ ಆದರೆ ಅವೆಲ್ಲ ಆಡಿದವರಿಗೆ. ಹಿಂದಿನ ಗುಳಿಗಳನ್ನೂ ಬಾಚುವ ನಿಯಮ ಈ ವಯಸ್ಸಿಗೆ ಹೆಚ್ಚಾಯಿತು. ದಿಕ್ಕು ತಪ್ಪದಂತೆ ಮಣೆಯ ಮೇಲೆ ಬಾಣ ಬರೆಯಿರಿ, ಆಟದ ಮೊದಲೂ ಕೊನೆಗೂ 48 ಎಣಿಸಿ.

ನಡುನಡುವೆ ಪ್ರಶ್ನೆಗಳು ಬರುತ್ತವೆ. ‘ಟೀಚರ್, ಅವರು ಬಡವರಾ?’ ಅಂದರೆ ‘ಕೆಲವರು ಬಡವರು, ಕೆಲವರು ಶ್ರೀಮಂತರು, ನಮ್ಮಲ್ಲಿ ಇರೋ ಹಾಗೆ’ ಎಂದರೆ ಸಾಕು. ‘ಮೈಬಣ್ಣ ಯಾಕೆ ಹಾಗಿದೆ?’ ಎಂದು ಕೇಳಿದ ಮಗುವನ್ನು ಸುಮ್ಮನಾಗಿಸಿದರೆ ಅದು ಕೇಳಬಾರದ ಕೆಟ್ಟ ವಿಷಯ ಎಂದು ಕಲಿಯುತ್ತದೆ. ಚರ್ಮದಲ್ಲಿ ಮೆಲನಿನ್ ಎಂಬ ಬಣ್ಣ ಇದೆ, ಬಿಸಿಲಿನಿಂದ ಕಾಪಾಡುತ್ತದೆ, ಕೆಲವರಲ್ಲಿ ಹೆಚ್ಚು, ಕೆಲವರಲ್ಲಿ ಕಡಿಮೆ ಎಂದು ನೇರವಾಗಿ ಹೇಳಿ. ತರಗತಿಯಲ್ಲಿ ಆ ದೇಶದ ಮಗುವೇ ಇದ್ದರೆ ಅದನ್ನು ಎಬ್ಬಿಸಿ ‘ನಿಮ್ಮಲ್ಲಿ ಹೇಗೆ?’ ಎಂದು ಕೇಳಬೇಡಿ; ಮನೆಯವರನ್ನು ಮೊದಲೇ ವಿಚಾರಿಸಿ, ಮಗುವಿಗೂ ಇಷ್ಟವಿದ್ದರೆ ಮಾತ್ರ. ಮುಂದಿನ ದೇಶವನ್ನು ಮರುವಾರಕ್ಕೇ ಇಟ್ಟುಕೊಂಡರೆ ಎರಡೂ ಕಲಸಿಹೋಗುತ್ತವೆ. ತಿಂಗಳಾದರೂ ಬಿಡಿ, ಅಷ್ಟು ದಿನ ಒವಾರೆ ಮಣೆ ಮಕ್ಕಳ ಕೈಗೆ ಸಿಗುವ ಕಪಾಟಿನಲ್ಲೇ ಇರಲಿ.