ಶಿವಮೊಗ್ಗದಲ್ಲಿ ಕಾಲೇಜು ನೋಡಲು ಹೊರಟಿದ್ದರೆ ಮಳೆಯಲ್ಲೇ ಹೋಗಿ ಬನ್ನಿ

ಸಿಇಟಿ ರ‍್ಯಾಂಕ್ ಬಂದು ಆಪ್ಷನ್ ಎಂಟ್ರಿ, ಅಂದರೆ ಯಾವ ಕಾಲೇಜು ಬೇಕು ಎಂದು ಆರಿಸಿ ತುಂಬುವ ಕೆಲಸ, ಶುರುವಾಗುವ ಹೊತ್ತಿಗೆ ಮಲೆನಾಡಿನಲ್ಲಿ ಮಳೆ ಹಿಡಿದಿರುತ್ತದೆ. ಮಳೆ ಕಡಿಮೆಯಾಗಲಿ, ಆಮೇಲೆ ಹೋಗಿ ಕಾಲೇಜು ನೋಡೋಣ ಎಂದು ತುಂಬಾ ಜನ ಮುಂದೂಡುತ್ತಾರೆ. ನಾನು ಹೇಳುವುದು, ಮಳೆಯಲ್ಲೇ ಹೋಗಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಕ್ಕಳು ಅಲ್ಲಿ ಕಳೆಯುವ ದಿನಗಳು ಹಾಗೇ ಇರುತ್ತವೆ. ಸಂಜೆ ಮೋಡ ಕವಿದು ಬೇಗ ಕತ್ತಲಾದಾಗ ಯಾವ ಬೀದಿದೀಪ ಹತ್ತುತ್ತದೆ, ಯಾವುದು ಹತ್ತುವುದಿಲ್ಲ, ಕರೆಂಟ್ ಹೋದರೆ ಹಾಸ್ಟೆಲ್‌ನಲ್ಲಿ ಏನು ವ್ಯವಸ್ಥೆ ಇದೆ, ಇದೆಲ್ಲ ಯಾರನ್ನೂ ಕೇಳದೆ ಗೊತ್ತಾಗುತ್ತದೆ.

ನಮ್ಮದು ಹೊಸದುರ್ಗದ ಕಡೆ. ಮಗಳು ಇಂಜಿನಿಯರಿಂಗ್‌ಗೆ ಶಿವಮೊಗ್ಗ ಹಾಕುತ್ತೇನೆ ಅಂದಳು. ಅವಳ ಅಪ್ಪನಿಗೆ ಮನಸ್ಸಿರಲಿಲ್ಲ. 2022ರ ಫೆಬ್ರವರಿಯಲ್ಲಿ, ಮತ್ತೆ ಆಗಸ್ಟ್‌ನಲ್ಲಿ ಶಿವಮೊಗ್ಗದಲ್ಲಿ ಗಲಾಟೆಯಾಗಿ ನಿಷೇಧಾಜ್ಞೆ ಹಾಕಿದ್ದನ್ನು ಟಿವಿಯಲ್ಲಿ ನೋಡಿದ್ದರು. ಅದು ಅವರ ತಲೆಯಿಂದ ಹೋಗಿರಲಿಲ್ಲ. ನೋಡದೆ ಬೇಡ ಅನ್ನುವುದು ಬೇಡ, ನೋಡದೆ ಹೂಂ ಅನ್ನುವುದೂ ಬೇಡ ಎಂದು ನಾನೂ ಮಗಳೂ ಹೊರಟೆವು. ವಿನೋಬನಗರದಲ್ಲಿ ನಮ್ಮ ದೊಡ್ಡಮ್ಮನ ಮಗಳ ಮನೆ ಇದೆ. ಅಕ್ಕನ ಮನೆಯಲ್ಲಿ ಉಳಿದೆವು. ನೆಂಟರಿಲ್ಲದವರು ಬಸ್ ಸ್ಟ್ಯಾಂಡ್ ಹತ್ತಿರ ಲಾಡ್ಜ್ ಮಾಡಬಹುದು. ಕೆಎಸ್‌ಆರ್‌ಟಿಸಿ ನಿಲ್ದಾಣ, ಖಾಸಗಿ ನಿಲ್ದಾಣ ಎರಡೂ ಅಕ್ಕಪಕ್ಕ ಇವೆ. ಏನೇ ಆಗಲಿ, ಒಂದು ರಾತ್ರಿಯಾದರೂ ಉಳಿಯಲೇಬೇಕು. ಬೆಳಿಗ್ಗೆ ಬಂದು ಮಧ್ಯಾಹ್ನ ಹೊರಟರೆ ಗೇಟು, ಲೈಬ್ರರಿ, ಪ್ರಿನ್ಸಿಪಾಲರ ಕೊಠಡಿ ಬಿಟ್ಟು ಇನ್ನೇನೂ ನೋಡಿದ ಹಾಗಾಗುವುದಿಲ್ಲ.

ಶಿವಮೊಗ್ಗದ ಕಾಲೇಜು ಅಂದರೂ ಎಲ್ಲವೂ ಒಂದೇ ರೀತಿಯ ಜಾಗದಲ್ಲಿಲ್ಲ. ಸಹ್ಯಾದ್ರಿ ಕಾಲೇಜು ಬಿ.ಎಚ್. ರಸ್ತೆಯ ಕಡೆ ವಿದ್ಯಾನಗರದಲ್ಲಿದೆ. ಮೆಡಿಕಲ್ ಕಾಲೇಜು ಸಾಗರ ರಸ್ತೆಯಲ್ಲಿ, ಮೆಗ್ಗಾನ್ ಆಸ್ಪತ್ರೆಯ ಜೊತೆಗೇ ಇದೆ. 1980ರಲ್ಲಿ ಶುರುವಾದ ಜೆಎನ್‌ಎನ್ ಇಂಜಿನಿಯರಿಂಗ್ ಕಾಲೇಜು ಸವಳಂಗ ರಸ್ತೆಯ ನವುಲೆಯಲ್ಲಿದೆ. ಕುವೆಂಪು ವಿಶ್ವವಿದ್ಯಾಲಯ ಇರುವುದು ಊರಿನಿಂದ ದೂರ, ಭದ್ರಾವತಿ ತಾಲ್ಲೂಕಿನ ಶಂಕರಘಟ್ಟದಲ್ಲಿ. ಕೃಷಿ ವಿಶ್ವವಿದ್ಯಾಲಯದ ದೊಡ್ಡ ಕ್ಯಾಂಪಸ್ ಸಾಗರ ತಾಲ್ಲೂಕಿನ ಇರುವಕ್ಕಿಯಲ್ಲಿ. ಊರೊಳಗಿನ ಕಾಲೇಜಿಗೆ ಸೇರುವವರು ಟ್ರಾಫಿಕ್, ಪಿಜಿ, ಆಟೋ ನೋಡಬೇಕು. ಶಂಕರಘಟ್ಟಕ್ಕೆ ಹೋಗುವವರು ಕಾಡು ನೋಡಬೇಕು. ಪಕ್ಕದಲ್ಲೇ ಭದ್ರಾ ಅಭಯಾರಣ್ಯ ಇದೆ. ಕತ್ತಲಾದ ಮೇಲೆ ಯಾವ ಒಳದಾರಿಯಲ್ಲಿ ಓಡಾಡಬಾರದು ಎಂದು ಅಲ್ಲಿನ ವಾಚ್‌ಮನ್‌ಗಳನ್ನೇ ಕೇಳಿ.

ನಾವು ಕಾಲೇಜಿನ ಒಳಗೆ ನೋಡಿದ್ದು ಸ್ವಲ್ಪ ಹೊತ್ತು. ಜಾಸ್ತಿ ಹೊತ್ತು ಕಳೆದದ್ದು ಹೊರಗೆ. ಕಾಲೇಜಿನಿಂದ ರೂಮಿನವರೆಗೆ ಮಗಳು ದಿನಾ ನಡೆಯುವ ದಾರಿಯೇ ನನಗೆ ಮುಖ್ಯವಾಗಿತ್ತು. ಹಾಗಾಗಿ ಅದೇ ದಾರಿಯನ್ನು ಬೆಳಿಗ್ಗೆ ನಡೆದೆವು, ಕಾಲೇಜು ಬಿಡುವ ಹೊತ್ತಿಗೆ ನಡೆದೆವು, ರಾತ್ರಿ ಎಂಟರ ಮೇಲೆ ಮತ್ತೆ ನಡೆದೆವು. ಲ್ಯಾಬ್, ಫೆಸ್ಟ್, ಪ್ರಾಜೆಕ್ಟ್ ಅಂತ ಮಕ್ಕಳು ತಡವಾಗಿ ಬರುವುದು ಇದ್ದೇ ಇರುತ್ತದೆ ಅಲ್ವಾ. ಬೆಳಿಗ್ಗೆ ಇಬ್ಬದಿಯೂ ಅಂಗಡಿ, ಜನ. ರಾತ್ರಿ ಅದೇ ರಸ್ತೆಯಲ್ಲಿ ಒಂದು ಭಾಗ ಪೂರ್ತಿ ಖಾಲಿ. ಒಂದು ಕಡೆ ಖಾಲಿ ಸೈಟುಗಳು, ಗಿಡ ಬೆಳೆದು ಮರೆಯಾದ ದೀಪದ ಕಂಬ. ಇನ್ನೊಂದು ದಾರಿ ಸ್ವಲ್ಪ ಸುತ್ತು, ಆದರೆ ಮೆಡಿಕಲ್ ಶಾಪ್, ಬೇಕರಿ, ಜೆರಾಕ್ಸ್ ಅಂಗಡಿ ಎಲ್ಲ ತೆರೆದಿದ್ದವು. ಹೆಂಗಸರು ಮಕ್ಕಳನ್ನು ಕರೆದುಕೊಂಡು ಓಡಾಡುತ್ತಿದ್ದರು. ಮಗಳು ತಾನಾಗಿಯೇ, "ಅಮ್ಮ, ನಾನಾದ್ರೆ ಈ ಕಡೆಯಿಂದಲೇ ಬರ್ತೀನಿ" ಅಂದಳು. ಅವಳ ಬಾಯಿಂದ ಆ ಮಾತು ಬಂದದ್ದು ನನಗೆ ನೆಮ್ಮದಿ ಕೊಟ್ಟಿತು. ನೀವೂ ಮಕ್ಕಳನ್ನು ಮುಂದೆ ಬಿಟ್ಟು ಹಿಂದೆ ನಡೆಯಿರಿ. ಎಲ್ಲಿ ಅವರಿಗೆ ಮುಜುಗರವಾಗುತ್ತದೆ ಎಂದು ಕೇಳಿ. ನಮಗೆ ಹೆದರಿಕೆ ಹುಟ್ಟಿಸುವ ಜಾಗ, ಅವರಿಗೆ ಹೆದರಿಕೆಯಾಗುವ ಜಾಗ ಬೇರೆ ಬೇರೆ ಇರುತ್ತವೆ.

ಗೇಟಿನ ಎದುರಿನ ಅಂಗಡಿಗಳನ್ನೂ ನೋಡಿ. ಶಾಲೆ ಕಾಲೇಜಿನಿಂದ ನೂರು ಗಜದೊಳಗೆ ಸಿಗರೇಟು, ಗುಟ್ಕಾ ಮಾರಬಾರದು ಎಂದು 2003ರ ಕಾಯ್ದೆಯೇ ಇದೆ. ಅದನ್ನು ಹೇಳುವ ಬೋರ್ಡ್ ಪಕ್ಕದಲ್ಲೇ ರಾಜಾರೋಷವಾಗಿ ಮಾರಾಟ ನಡೆಯುತ್ತಿದ್ದರೆ ಆ ಕಾಲೇಜಿನವರಿಗೆ ಗೇಟಿನಾಚೆ ಏನಾಗುತ್ತಿದೆ ಎಂಬ ಗಮನವಿಲ್ಲ ಅಂತ ಅರ್ಥ. ಒಳಗೆ ಹೋದಾಗ ನೋಟಿಸ್ ಬೋರ್ಡ್ ಹತ್ತಿರ ನಿಲ್ಲಿ. ರ‍್ಯಾಗಿಂಗ್ ತಡೆ ಸಮಿತಿಯ ಹೆಸರುಗಳು, ಲೈಂಗಿಕ ಕಿರುಕುಳದ ದೂರು ಕೇಳುವ ಆಂತರಿಕ ಸಮಿತಿಯವರ ಹೆಸರುಗಳು, ಫೋನ್ ನಂಬರ್ ಸಮೇತ ಅಲ್ಲಿರಬೇಕು. ಹೆಸರಿದ್ದರೆ ಸಾಲದು, ಸಮಿತಿಯಲ್ಲಿರುವವರು ಈಗಲೂ ಅದೇ ಕಾಲೇಜಿನಲ್ಲಿ ಇದ್ದಾರಾ ಎಂದು ಆಫೀಸಿನಲ್ಲಿ ವಿಚಾರಿಸಿ. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗದ) 2009ರ ನಿಯಮದಂತೆ ರ‍್ಯಾಗಿಂಗ್ ಮಾಡುವುದಿಲ್ಲ ಎಂದು ವಿದ್ಯಾರ್ಥಿಯೂ ಪೋಷಕರೂ ಮುಚ್ಚಳಿಕೆ ಬರೆದುಕೊಡಬೇಕು. ಸುಮ್ನೆ ಸಹಿ ಹಾಕಿ ಕೊಡಬೇಡಿ, ಮಗುವಿನ ಜೊತೆ ಕೂತು ಓದಿ. ಸಹಾಯವಾಣಿ 1800-180-5522. ಇದನ್ನು ಮಗಳ ಫೋನಿನಲ್ಲೂ ನನ್ನ ಫೋನಿನಲ್ಲೂ ಅಲ್ಲೇ ಸೇವ್ ಮಾಡಿಕೊಂಡೆವು. ಪೊಲೀಸ್, ಆಂಬುಲೆನ್ಸ್ ಎರಡಕ್ಕೂ 112 ಸಾಕು.

ಈಗ ಹಾಸ್ಟೆಲ್, ಪಿಜಿ ವಿಷಯ. ಇದರ ಬಗ್ಗೆ ನನಗೆ ತುಂಬಾ ಹೇಳುವುದಿದೆ.

ಒಂದು ಪಿಜಿಯಲ್ಲಿ ನೋಡಿಕೊಳ್ಳುವ ಹೆಂಗಸು ಮೊದಲ ಮಾತಿಗೇ, "ಎಂಟು ಗಂಟೆಗೆ ಬೀಗ ಹಾಕ್ತೀವಿ, ನಮ್ಮಲ್ಲಿ ಹೆಣ್ಣುಮಕ್ಕಳಿಗೆ ಏನೂ ಭಯ ಇಲ್ಲ" ಅಂದರು. ಜೊತೆಗೆ ಬಂದಿದ್ದ ಇನ್ನೊಬ್ಬ ಪೋಷಕರು ತಲೆಯಾಡಿಸಿದರು. ನಾನು ಕೇಳಿದೆ, "ಬೆಂಗಳೂರಿನಿಂದ ಸಂಜೆ ಹೊರಡುವ ಜನಶತಾಬ್ದಿಯಲ್ಲಿ ಬಂದರೆ ಇಲ್ಲಿ ತಲುಪೋದೇ ರಾತ್ರಿ ತಡವಾಗುತ್ತೆ. ಆಗ ಏನ್ಮಾಡಬೇಕು?" ಅವರ ಉತ್ತರ: "ಯಾರಾದ್ರೂ ನೆಂಟರ ಮನೆಗೆ ಹೋಗಲಿ, ಗೇಟ್ ಮಾತ್ರ ತೆಗೆಯಲ್ಲ." ನನಗೆ ಎದೆ ಧಸಕ್ಕೆಂದಿತು. ಹುಡುಗಿಗೆ ಬಾಗಿಲು ಬೇಕಾಗಿರುವ ಹೊತ್ತಿಗೇ ಬಾಗಿಲು ತೆಗೆಯದಿದ್ದರೆ ಆ ಬೀಗ ಯಾರನ್ನು ಕಾಯುತ್ತದೆ? ಬೈಯುತ್ತಾರೆ ಎಂಬ ಹೆದರಿಕೆಗೆ ಅವಳು ಫೋನೂ ಮಾಡುವುದಿಲ್ಲ. ಎಲ್ಲೋ ಸ್ನೇಹಿತರ ರೂಮಿನಲ್ಲಿ ಇರುತ್ತಾಳೆ, ನಮಗೆ ಸುಳ್ಳು ಹೇಳುತ್ತಾಳೆ. ಆ ಸುಳ್ಳಿಗೆ ಅವಳನ್ನು ದೂರುವುದು ಸರಿಯಲ್ಲ.

ಮತ್ತೊಂದು ಹಾಸ್ಟೆಲ್‌ನಲ್ಲೂ ಸಮಯದ ನಿಯಮವಿತ್ತು. ಆದರೆ ತಡವಾದರೆ ವಾರ್ಡನ್‌ಗೆ ಫೋನ್ ಮಾಡಬೇಕು, ವಾಚ್‌ಮನ್ ಬಾಗಿಲು ತೆಗೆಯುತ್ತಾನೆ, ರಿಜಿಸ್ಟರ್‌ನಲ್ಲಿ ಬರೆಯಬೇಕು, ಕಾರಣ ಕೇಳುವುದು ಮರುದಿನ. ನಾವು ಇದನ್ನೇ ಆರಿಸಿಕೊಂಡೆವು. ನೀವು ಹೋದಾಗ ಕ್ಯಾಮೆರಾ ಎಷ್ಟಿವೆ ಎಂದು ಕೇಳುವ ಮೊದಲು ಇದನ್ನು ಕೇಳಿ. ರಾತ್ರಿ ಜ್ವರ ಬಂದರೆ ಯಾರು ಆಸ್ಪತ್ರೆಗೆ ಕರೆದೊಯ್ಯುತ್ತಾರೆ ಎಂದೂ ಕೇಳಿ. ಈ ಎರಡು ಪ್ರಶ್ನೆಗೆ ತಡವರಿಸದೆ ಉತ್ತರ ಕೊಡುವವರು ಅಂಥದ್ದನ್ನು ಮೊದಲೇ ನಿಭಾಯಿಸಿರುತ್ತಾರೆ. ಆಮೇಲೆ ಅಲ್ಲಿರುವ ಹುಡುಗಿಯರನ್ನು ವಾರ್ಡನ್ ಇಲ್ಲದಾಗ ಮಾತಾಡಿಸಿ. ಮಗಳನ್ನು ಅವರ ಜೊತೆ ಬಿಟ್ಟು ನೀವು ದೂರ ಹೋಗಿ. ತಾಯಂದಿರ ಎದುರು ಅವರು ಎಲ್ಲ ಚೆನ್ನಾಗಿದೆ ಆಂಟಿ ಅಂತಲೇ ಹೇಳುತ್ತಾರೆ.

ಗಲಾಟೆಯ ವಿಷಯವನ್ನೂ ಮುಚ್ಚಿಡದೆ ಕೇಳಿದೆ. ನಿಷೇಧಾಜ್ಞೆ ಇದ್ದ ದಿನಗಳಲ್ಲಿ ಮಕ್ಕಳಿಗೆ ಊಟ ಹೇಗೆ ಸಿಕ್ಕಿತು, ಊರಿಗೆ ಹೋಗುವವರನ್ನು ಯಾರು ಬಸ್ಸಿಗೆ ಬಿಟ್ಟರು, ಪೋಷಕರಿಗೆ ಸುದ್ದಿ ಹೇಗೆ ಮುಟ್ಟಿಸಿದರು. ಅಕ್ಕ ಹೇಳಿದ್ದು, ಇಲ್ಲಿ ಎಲ್ಲ ಜಾತಿ ಧರ್ಮದವರೂ ಒಂದೇ ಬೀದಿಯಲ್ಲಿ ಬದುಕುತ್ತಾರೆ, ವರ್ಷದ ಎಲ್ಲ ದಿನವೂ ಟಿವಿಯಲ್ಲಿ ತೋರಿಸಿದ ಹಾಗಿರುವುದಿಲ್ಲ. ಗಾಂಧಿ ಬಜಾರ್, ದುರ್ಗಿಗುಡಿ, ನೆಹರೂ ರಸ್ತೆ ಸುತ್ತಿದಾಗ ನಾನು ನೋಡಿದ್ದೂ ಅದನ್ನೇ. ಆದರೂ ಮಕ್ಕಳಿಗೆ ಇಷ್ಟು ಹೇಳಿ: ಮೆರವಣಿಗೆ, ಗುಂಪು ಕಂಡರೆ ನೋಡಲು ನಿಲ್ಲಬೇಡ, ಮೊಬೈಲಿನಲ್ಲಿ ಬಂದದ್ದನ್ನೆಲ್ಲ ಮುಂದಕ್ಕೆ ಕಳಿಸಬೇಡ.

ಅಕ್ಕನಿಗೆ ಅದಕ್ಕಿಂತ ಜಾಸ್ತಿ ಭಯ ಇರುವುದು ನೀರು ಮತ್ತು ಬೈಕಿನ ಬಗ್ಗೆ. ರಜೆ ಸಿಕ್ಕರೆ ಹುಡುಗರು ಗಾಜನೂರು, ಮಂಡಗದ್ದೆ, ಆಗುಂಬೆ, ಜೋಗ ಅಂತ ಬೈಕಿನಲ್ಲಿ ಹೊರಡುತ್ತಾರೆ. ಮಳೆಯಲ್ಲಿ ಘಾಟಿ ರಸ್ತೆ ಜಾರುತ್ತದೆ, ಮಂಜಿನಲ್ಲಿ ಎದುರಿನ ಗಾಡಿ ಕಾಣುವುದಿಲ್ಲ. ತುಂಗೆ ಮೇಲೆ ಶಾಂತವಾಗಿ ಕಂಡರೂ ಒಳಗೆ ಸೆಳೆತ ಇರುತ್ತದೆ. ಕೆರೆಯಲ್ಲಿ ಈಜು ಕಲಿತ ನಮ್ಮ ಬಯಲುಸೀಮೆಯ ಮಕ್ಕಳಿಗೆ ಇದು ಗೊತ್ತಿರುವುದಿಲ್ಲ. ಗಂಡುಮಕ್ಕಳನ್ನು ಕಳಿಸುವವರು ಈ ಮಾತನ್ನು ದಯವಿಟ್ಟು ಎದುರು ಕೂರಿಸಿಕೊಂಡು ಹೇಳಿ. ಹೆಣ್ಣುಮಕ್ಕಳಿಗೆ ಮಾತ್ರ ಬುದ್ಧಿ ಹೇಳಿ ಗಂಡುಮಕ್ಕಳನ್ನು ಹಾಗೇ ಬಿಡುವುದು ನಮ್ಮ ಮನೆಗಳಲ್ಲಿ ತುಂಬಾ ನಡೆಯುತ್ತದೆ.

ದಿನನಿತ್ಯದ ಬದುಕಿಗೆ ಬಂದರೆ, ಮೊದಲು ಕೇಳಬೇಕಾದ್ದು ಬಿಸಿನೀರು. ಸುಮಾರು ಪಿಜಿಗಳಲ್ಲಿ ಸೋಲಾರ್ ತೋರಿಸುತ್ತಾರೆ. ವಾರಗಟ್ಟಲೆ ಬಿಸಿಲಿಲ್ಲದಾಗ ಸೋಲಾರ್ ನೀರು ತಣ್ಣಗೇ ಬರುತ್ತದೆ. ಗೀಸರ್ ಇದೆಯಾ, ಎಷ್ಟು ಹೊತ್ತು ಹಾಕುತ್ತಾರೆ ಎಂದು ಕೇಳಿ. ಬಟ್ಟೆ ಒಣಗಿಸಲು ಶೀಟ್ ಹಾಕಿದ ಜಾಗ ಇದೆಯಾ ನೋಡಿ. ಇಲ್ಲದಿದ್ದರೆ ರೂಮಿನಲ್ಲೇ ಹಗ್ಗ ಕಟ್ಟಿ, ಗೋಡೆಗೆ ಬೂಸ್ಟು ಹಿಡಿದು, ಮಕ್ಕಳಿಗೆ ಕೆಮ್ಮು ಶುರುವಾಗುತ್ತದೆ. ಹೊಳೆಗೆ ಹೊಸ ನೀರು ಬಂದಾಗ ನಲ್ಲಿ ನೀರು ಕೆಂಪಗಾಗುವುದುಂಟು, ಹಾಗಾಗಿ ಫಿಲ್ಟರ್ ನೀರು ಬೇಕೇ ಬೇಕು. ಮೆಟ್ಟಿಲಿಗೆ ಪಾಚಿ ಕಟ್ಟಿದ್ದರೆ ಗಮನಿಸಿ. ಹಿಡಿತ ಇರುವ ಚಪ್ಪಲಿ, ಗಟ್ಟಿ ಕೊಡೆ ಅಲ್ಲೇ ಕೊಳ್ಳಿ. ನಮ್ಮ ಕಡೆ ಸಿಗುವ ಕೊಡೆ ಆ ಗಾಳಿಗೆ ನಿಲ್ಲುವುದಿಲ್ಲ. ಊಟದಲ್ಲಿ ಅನ್ನ ಜಾಸ್ತಿ. ಮುದ್ದೆ ಇಲ್ಲದೆ ಹೊಟ್ಟೆ ತುಂಬದ ಮಕ್ಕಳಿದ್ದರೆ ಮೆಸ್‌ನಲ್ಲಿ ಒಮ್ಮೆ ಊಟ ಮಾಡಿಸಿಯೇ ನಿರ್ಧಾರ ಮಾಡಿ.

ಕೃಷಿ, ಅರಣ್ಯ ಓದುವವರು ಕಾಡಂಚಿಗೆ ಹೋಗಬೇಕಾಗುತ್ತದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಕಂಡ ಮಂಗನ ಕಾಯಿಲೆ ಈ ಸೀಮೆಯದೇ. ಉಣುಗಿನಿಂದ ಬರುತ್ತದೆ, ಬೇಸಿಗೆಯ ಕಡೆ ಜಾಸ್ತಿ. ಊರೊಳಗೆ ಓದುವವರಿಗೆ ಇದರ ಚಿಂತೆ ಬೇಡ. ಕಾಡಿಗೆ ಹೋಗುವವರು ತುಂಬುತೋಳಿನ ಬಟ್ಟೆ ಹಾಕಿ, ಬಂದ ಮೇಲೆ ಮೈ ನೋಡಿಕೊಂಡು ಬಿಸಿನೀರಿನ ಸ್ನಾನ ಮಾಡಲಿ.

ಖರ್ಚಿನ ಲೆಕ್ಕ ಹಾಕುವಾಗ ಬಸ್ ಮರೆಯಬೇಡಿ. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಉಚಿತ ಪ್ರಯಾಣ ಇರುವುದು ಸರ್ಕಾರಿ ಬಸ್ಸಿನಲ್ಲಿ. ಮಲೆನಾಡಿನಲ್ಲಿ ಎಷ್ಟೋ ದಾರಿಗಳಲ್ಲಿ ಓಡುವುದು ಖಾಸಗಿ ಬಸ್ಸು, ಅಲ್ಲಿ ಟಿಕೆಟ್ ತೆಗೆಯಲೇಬೇಕು. ನಿಮ್ಮ ದಾರಿಯಲ್ಲಿ ಯಾವುದು ಓಡುತ್ತದೆ, ರಾತ್ರಿ ಕೊನೆಯ ಬಸ್ಸು ಎಷ್ಟು ಹೊತ್ತಿಗೆ ಎಂದು ಕಂಡಕ್ಟರನ್ನೇ ಕೇಳಿ. ಆಟೋ ಹತ್ತುವ ಮೊದಲೇ ದರ ಮಾತಾಡಿಕೊಳ್ಳಿ. ಪಿಜಿಗೆ ಅಡ್ವಾನ್ಸ್ ಕೊಟ್ಟರೆ ರಸೀದಿ ಬರೆಸಿಕೊಳ್ಳಿ. ಸೀಟು ಬೇರೆ ಊರಿಗೆ ಬಂದರೆ ಎಷ್ಟು ವಾಪಸ್ ಕೊಡುತ್ತಾರೆ ಎಂಬುದನ್ನೂ ಅದರಲ್ಲೇ ಬರೆಸಿ.

ಹೋಗುವುದಾದರೆ ಕಾಲೇಜು ನಡೆಯುವ ದಿನ ಹೋಗಿ, ಭಾನುವಾರ ಬೇಡ. ಅಷ್ಟು ದೂರ ಬಂದಿದ್ದೀವಿ, ಜೋಗಕ್ಕೂ ಹೋಗಿಬಿಡೋಣ ಎಂದು ಅದೇ ದಿನಕ್ಕೆ ಸೇರಿಸಬೇಡಿ, ಎರಡೂ ಅರೆಬರೆಯಾಗುತ್ತವೆ. ನೋಡಲೇಬೇಕು ಅನ್ನಿಸಿದರೆ ಇನ್ನೊಂದು ದಿನ ಇಟ್ಟುಕೊಳ್ಳಿ. ಶಿವಮೊಗ್ಗದಿಂದ ತಾಳಗುಪ್ಪಕ್ಕೆ ರೈಲಿದೆ, ಅಲ್ಲಿಂದ ಜೋಗ ಹತ್ತಿರವೇ.